ಹೊಸ ಕೋಳಿ ಗಟ್ಟಿಮುಟ್ಟಾಗಿಯೇ ಇತ್ತು, ಹಳೆಯವು ಯಾಕೆ ಸತ್ತವು?

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಒಂಬತ್ತು ಕೋಳಿ ಇದ್ದವು. ಹೋದ ವರ್ಷ ಪರಿಚಯದವರಿಂದ ಎರಡು ಹೇಂಟೆ ತಂದು ಅದೇ ದಿನ ಗೂಡಿಗೆ ಬಿಟ್ಟೆ. ನೋಡಲು ಗಟ್ಟಿಮುಟ್ಟಾಗಿದ್ದವು. ಐದನೇ ದಿನ ಹಳೆಯ ಕೋಳಿಗಳಿಗೆ ಸೀನು ಶುರುವಾಯಿತು. ಮೂಗಲ್ಲಿ ಸಿಂಬಳ, ಮುಖದ ಊತ, ಹತ್ತಿರ ಹೋದರೆ ಕೆಟ್ಟ ವಾಸನೆ. ಎರಡು ಸತ್ತವು. ಒಂದು ತಿಂಗಳು ಮೊಟ್ಟೆಯೇ ಇಲ್ಲ. ಔಷಧಿ ಹಾಕಿದ ಮೇಲೆ ಉಳಿದ ಏಳು ಚೇತರಿಸಿಕೊಂಡವು. ವಿಚಿತ್ರ ಅಂದರೆ, ತಂದ ಎರಡಕ್ಕೆ ಏನೂ ಆಗಲಿಲ್ಲ. ಈಗ ಮತ್ತೆ ನಾಲ್ಕು ಎಳೆ ಹೇಂಟೆ ತರಬೇಕು ಅಂತಿದ್ದೇನೆ. ಎಷ್ಟು ದಿನ ಬೇರೆ ಇಡಬೇಕು? ಅದೇ ಗೂಡಿನಲ್ಲಿ ನಡುವೆ ಜಾಲರಿ ಕಟ್ಟಿದರೆ ಸಾಕಾ? ಮೊದಲೇ ಆ್ಯಂಟಿಬಯೋಟಿಕ್ ಕೊಟ್ಟುಬಿಟ್ಟರೆ ಒಳ್ಳೆಯದಲ್ಲವೇ?

ಉತ್ತರ: ಮೂರು ಪ್ರಶ್ನೆಗೂ ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಮೂವತ್ತು ದಿನ ಬೇರೆ ಇಡಿ. ಅದೇ ಗೂಡಿನಲ್ಲಿ ಜಾಲರಿ ಕಟ್ಟಿದರೆ ಸಾಲದು. ಆ್ಯಂಟಿಬಯೋಟಿಕ್ ಮೊದಲೇ ಕೊಡಬೇಡಿ, ಅದರಿಂದ ಕೆಡುಕೇ ಜಾಸ್ತಿ. ಆದರೆ ನೀವು ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ. ನನಗೆ ಅದೇ ದೊಡ್ಡದಾಗಿ ಕಾಣುತ್ತಿದೆ. ಈ ಸಲ ರೋಗ ಇರುವುದು ಬರುವ ಕೋಳಿಯಲ್ಲೋ, ಅಥವಾ ನಿಮ್ಮ ಹಿತ್ತಲಲ್ಲೋ?

"ವಿಚಿತ್ರ ಅಂದರೆ" ಅಂತ ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ. ತಂದವು ಚೆನ್ನಾಗಿದ್ದು ಇದ್ದವು ಸಾಯುವುದು ನಮ್ಮ ಕೆಲಸದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಆ ಎರಡು ಹೇಂಟೆಗಳಿಗೆ ರೋಗ ಮೊದಲೇ ಬಂದು ಹೋಗಿತ್ತು. ವಾಸಿಯಾದವು, ಮೈ ತುಂಬಿಕೊಂಡವು, ಮೊಟ್ಟೆಯನ್ನೂ ಇಟ್ಟವು. ಆದರೆ ರೋಗಾಣು ಮೂಗಿನ ಒಳಗಿನ ಸಂದಿಗಳಲ್ಲಿ ಹಾಗೆಯೇ ಕೂತಿತ್ತು. ಹಿಡಿದು, ಬುಟ್ಟಿಗೆ ತುಂಬಿ, ಹೊಸ ಜಾಗಕ್ಕೆ ತಂದು, ಗುರುತಿಲ್ಲದ ಕೋಳಿಗಳ ಜೊತೆ ಬಿಟ್ಟರೆ ಯಾವ ಕೋಳಿಗಾದರೂ ಗಾಬರಿ. ಆ ಗಾಬರಿಯಲ್ಲಿ ಮೈಯ ಕಾವಲು ಸಡಿಲವಾಗುತ್ತದೆ, ರೋಗಾಣು ಮತ್ತೆ ಹೊರಗೆ ಸುರಿಯುತ್ತದೆ. ಅದನ್ನು ಎಂದೂ ಕಂಡಿರದ ನಿಮ್ಮ ಒಂಬತ್ತಕ್ಕೆ ತಡೆದುಕೊಳ್ಳುವ ಶಕ್ತಿ ಇರಲಿಲ್ಲ.

ಸಿಂಬಳ, ಮುಖದ ಊತ, ಆ ವಾಸನೆ, ಎಲ್ಲ ಒಟ್ಟಿಗೆ ನೋಡಿದರೆ ಕೊರೈಜಾ ಎಂಬ ರೋಗದ ಮೇಲೆ ನನ್ನ ಅನುಮಾನ. ಇದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಸೋಂಕು ತಗುಲಿದ ಒಂದರಿಂದ ಮೂರು ದಿನದಲ್ಲೇ ಕಾಣಿಸಿಕೊಳ್ಳುತ್ತದೆ. ಕುಡಿಯುವ ನೀರಿನ ಪಾತ್ರೆಯೇ ಇದರ ರಾಜಮಾರ್ಗ. ಕೊರೈಜಾ ಒಂದೇ ಆಗಿದ್ದರೆ ಸಾವು ಕಮ್ಮಿ. ಮೈಕೋಪ್ಲಾಸ್ಮಾ ಅಂತ ಇನ್ನೊಂದು ಉಸಿರಾಟದ ರೋಗವಿದೆ, ಅದೂ ಸೇರಿಕೊಂಡರೆ ಕಾಯಿಲೆ ವಾರಗಟ್ಟಲೆ ಎಳೆಯುತ್ತದೆ, ಸಾವೂ ಹೆಚ್ಚುತ್ತದೆ. ನಿಮ್ಮಲ್ಲಿ ಎರಡೂ ಇದ್ದಿರಬಹುದು. ಕಾಗದದ ಮೇಲೆ ಓದಿ ಖಚಿತವಾಗಿ ಹೇಳಲಾಗದು, ಪರೀಕ್ಷೆಯೇ ಆಗಬೇಕು.

ಈಗ ಸ್ವಲ್ಪ ಕಹಿಯಾದ ಮಾತು. ಔಷಧಿ ಹಾಕಿ ಉಳಿಸಿಕೊಂಡ ಏಳು, ಜೊತೆಗೆ ಆ ಎರಡು, ಒಟ್ಟು ಒಂಬತ್ತು ಕೋಳಿ ಇವತ್ತು ರೋಗ ಹೊತ್ತು ತಿರುಗುತ್ತಿರುವ ಸಾಧ್ಯತೆ ಬಹಳ. ಕೊರೈಜಾ, ಮೈಕೋಪ್ಲಾಸ್ಮಾ ಎರಡರಲ್ಲೂ ಔಷಧಿ ಲಕ್ಷಣವನ್ನು ಇಳಿಸುತ್ತದೆ, ರೋಗಾಣುವನ್ನು ಬೇರುಸಹಿತ ಕೀಳುವುದಿಲ್ಲ. ಅಂದರೆ ಹೋದ ವರ್ಷ ಆ ಎರಡು ಹೇಂಟೆ ಇದ್ದ ಜಾಗದಲ್ಲಿ ಈಗ ನಿಮ್ಮ ಇಡೀ ಗೂಡು ನಿಂತಿದೆ. ನಾಲ್ಕು ಎಳೆ ಹೇಂಟೆಗಳನ್ನು ಮೂವತ್ತು ದಿನ ಎಷ್ಟೇ ಶಿಸ್ತಿನಿಂದ ಬೇರೆ ಇಟ್ಟರೂ, ಮೂವತ್ತೊಂದನೇ ದಿನ ಒಳಗೆ ಬಿಟ್ಟರೆ ಸೀನುವ ಸರದಿ ಅವುಗಳದ್ದು. ಆಮೇಲೆ ಅವನ್ನು ಕೊಟ್ಟವರನ್ನು ಬೈಯುತ್ತೀರಿ. ಪಾಪ, ಅವರ ತಪ್ಪೇ ಇರುವುದಿಲ್ಲ.

ಹಾಗಾಗಿ ಕೋಳಿ ತರುವ ಮೊದಲು ಇರುವುದನ್ನು ಪರೀಕ್ಷೆ ಮಾಡಿಸಿ. ಪಶುವೈದ್ಯರು ಎರಡು ಮೂರು ಕೋಳಿಯ ಮೂಗು, ಗಂಟಲಿನಿಂದ ಹತ್ತಿ ಕಡ್ಡಿಯಲ್ಲಿ ಮಾದರಿ ತೆಗೆದು ಪಿಸಿಆರ್ ಪರೀಕ್ಷೆಗೆ ಕಳಿಸಬಹುದು. ಮೈಕೋಪ್ಲಾಸ್ಮಾಕ್ಕೆ ರಕ್ತ ಪರೀಕ್ಷೆಯೂ ಇದೆ. ಒಂದು ಎಚ್ಚರ: ಇತ್ತೀಚೆಗೆ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ವೈದ್ಯರಿಗೆ ಹೇಳಿ. ರೋಗಾಣು ಇದ್ದೂ ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು.

ರೋಗ ಇದೆ ಅಂತ ಬಂದರೆ ನಿಮ್ಮ ಮುಂದೆ ಕೆಲವೇ ದಾರಿ. ಒಂದು, ಗೂಡಿನ ಬಾಗಿಲು ಮುಚ್ಚಿದಂತೆ ಇರುವುದು. ಹೊಸದು ಬರಬಾರದು, ಇರುವುದು ಹೊರಗೆ ಹೋಗಬಾರದು. ಯಾರಿಗೂ ಮಾರಬೇಡಿ, ಪ್ರೀತಿಯಿಂದ ಕೂಡ ಕೊಡಬೇಡಿ. ಅವು ವಯಸ್ಸಾಗಿ ಮುಗಿದ ಮೇಲೆ ಗೂಡನ್ನು ತೊಳೆದು, ಒಣಗಿಸಿ, ಮೂರು ವಾರ ಖಾಲಿ ಬಿಟ್ಟು ಹೊಸದಾಗಿ ಶುರು ಮಾಡುವುದು. ಕೊರೈಜಾ ಬ್ಯಾಕ್ಟೀರಿಯಾ ಕೋಳಿಯ ಮೈಯಿಂದ ಹೊರಗೆ ಕೆಲವೇ ದಿನ ಬದುಕುತ್ತದೆ. ಮೈಕೋಪ್ಲಾಸ್ಮಾ ಕೂಡ ಅಷ್ಟೇ, ಹೊರಗೆ ಬಡಕಲು ಜೀವ. ಖಾಲಿ ಬಿಟ್ಟರೆ ಎರಡೂ ತಾವಾಗಿಯೇ ಸಾಯುತ್ತವೆ. ಎರಡನೇ ದಾರಿ, ಕೊರೈಜಾ ಲಸಿಕೆ ಸಿಗುವ ಕಡೆ ಹೊಸ ಕೋಳಿಗಳಿಗೆ ಮೂರು ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಹಾಕಿಸಿ, ಎರಡು ಮೂರು ವಾರ ಬಿಟ್ಟು ಸೇರಿಸುವುದು. ಲಸಿಕೆ ರೋಗದ ಉಗ್ರತೆ ತಗ್ಗಿಸುತ್ತದೆ. ಆದರೆ ಆ ರೋಗಾಣುವಿನಲ್ಲಿ ಹಲವು ಬಗೆ ಇವೆ. ಲಸಿಕೆಯ ಬಗೆಯೂ ನಿಮ್ಮ ಗೂಡಿನ ಬಗೆಯೂ ಹೊಂದದಿದ್ದರೆ ಉಪಯೋಗ ಅಷ್ಟಕ್ಕಷ್ಟೇ. ಮೂರನೆಯದು, ಇರುವುದನ್ನೆಲ್ಲ ತೆಗೆದು ಮೊದಲಿನಿಂದ ಶುರು ಮಾಡುವುದು. ಮನಸ್ಸಿಗೆ ಕಷ್ಟ. ಒಂಬತ್ತೇ ಕೋಳಿ ಇರುವವರಿಗೆ ನಾನಾದರೆ ಮೊದಲನೆಯ ದಾರಿಯನ್ನೇ ಹೇಳುತ್ತೇನೆ, ಅವಸರ ಏನಿದೆ?

ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಧೈರ್ಯ ಬಂತು, ಕೋಳಿ ತರುತ್ತೀರಿ ಅಂದುಕೊಳ್ಳಿ. ಎಲ್ಲಿಂದ ತರುತ್ತೀರಿ ಅನ್ನುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಹತ್ತಾರು ಕಡೆಯ ಕೋಳಿಗಳು ಒಂದೇ ಕಡೆ ಸೇರುವ ಜಾಗದಿಂದ, ಅಂದರೆ ಸಂತೆ, ಹರಾಜು, ಪ್ರದರ್ಶನದಿಂದ ತರಬೇಡಿ. ಅಲ್ಲಿ ಬೆಳಗ್ಗೆ ಚೆನ್ನಾಗಿದ್ದ ಕೋಳಿ ಸಂಜೆಯ ಹೊತ್ತಿಗೆ ನಾಲ್ಕು ಹಿಂಡಿನ ರೋಗಾಣು ಮೂಸಿರುತ್ತದೆ. ಒಬ್ಬರೇ ಸಾಕಿದ, ನೀವು ಹೋಗಿ ನೋಡಬಹುದಾದ ಹಿಂಡು ವಾಸಿ. ಹೋದಾಗ ಕೊಡುವ ಕೋಳಿಯನ್ನಷ್ಟೇ ನೋಡಬೇಡಿ, ಕೊಡದೇ ಉಳಿಸಿಕೊಂಡವನ್ನೂ ನೋಡಿ. ಮೂಲೆಯಲ್ಲಿ ಪುಕ್ಕ ಕೆದರಿಕೊಂಡು ತೂಕಡಿಸುವ ಒಂದೇ ಒಂದು ಕೋಳಿ ಕಂಡರೂ ಕೈ ಮುಗಿದು ವಾಪಸ್ ಬನ್ನಿ. "ಹೋದ ವರ್ಷ ಏನಾದರೂ ಕಾಯಿಲೆ ಬಂದಿತ್ತಾ? ಯಾವ ಲಸಿಕೆ ಹಾಕಿದ್ದೀರಿ, ಯಾವಾಗ?" ಅಂತ ಕೇಳಿ. ಉತ್ತರಕ್ಕಿಂತ ಉತ್ತರ ಕೊಡುವ ರೀತಿಯೇ ಹೆಚ್ಚು ಹೇಳುತ್ತದೆ.

ದೊಡ್ಡ ಕೋಳಿಗಿಂತ ಒಂದು ದಿನದ ಮರಿಗಳಲ್ಲಿ ಅಪಾಯ ಕಮ್ಮಿ. ಅವು ಇನ್ನೂ ಯಾರ ಸಹವಾಸವನ್ನೂ ಮಾಡಿರುವುದಿಲ್ಲ. ಆದರೆ ಅಪಾಯ ಸೊನ್ನೆ ಅಲ್ಲ. ಮೈಕೋಪ್ಲಾಸ್ಮಾ, ಪುಲ್ಲೋರಂ ಎಂಬ ಬಿಳಿ ಭೇದಿ, ಇವು ತಾಯಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ಬರುತ್ತವೆ. ಆದ್ದರಿಂದ ಮರಿ ತರುವಾಗ ತಾಯಿ ಹಿಂಡಿಗೆ ಇವುಗಳ ಪರೀಕ್ಷೆ ಆಗಿದೆಯಾ ಅಂತ ಕೇಳಬೇಕು. ಕೊರೈಜಾ ಮೊಟ್ಟೆಯಲ್ಲಿ ಬರುವುದಿಲ್ಲ. ಕಾಲು ಸೋಲಿಸುವ, ಒಳಗೆ ಗಡ್ಡೆ ಬೆಳೆಸುವ ಮರೆಕ್ಸ್ ಎಂಬ ವೈರಸ್ ರೋಗವೂ ಮೊಟ್ಟೆಯಲ್ಲಿ ಬರುವುದಿಲ್ಲ, ಆದರೆ ಅದರ ಲಸಿಕೆಯನ್ನು ಮೊಟ್ಟೆಯೊಡೆದ ದಿನವೇ ಹಾಕಬೇಕು. ದೊಡ್ಡದಾದ ಮೇಲೆ ಹಾಕಿದರೆ ಪ್ರಯೋಜನ ಇಲ್ಲ.

ಇನ್ನು ಬೇರೆ ಇಡುವ ವಿಷಯ. ಜಾಲರಿ ಯಾಕೆ ಸಾಲದು? ಕೋಳಿ ಸೀನಿದರೆ ಹನಿ ಜಾಲರಿ ದಾಟುತ್ತದೆ. ರೆಕ್ಕೆ ಬಡಿದರೆ ಧೂಳು ಹಾರುತ್ತದೆ. ಮರೆಕ್ಸ್ ವೈರಸ್ ಇರುವುದೇ ಗರಿಯ ಬುಡದಿಂದ ಉದುರುವ ಹೊಟ್ಟಿನಲ್ಲಿ. ಆ ಧೂಳಿನಲ್ಲಿ ಅದು ತಿಂಗಳುಗಟ್ಟಲೆ ಜೀವಂತ ಇರುತ್ತದೆ. ಹೇನು, ನುಸಿಗಳಂತೂ ಜಾಲರಿಯನ್ನು ಏಣಿ ಅಂದುಕೊಳ್ಳುತ್ತವೆ. ಒಂದೇ ಸೂರು, ಒಂದೇ ಗಾಳಿ ಅಂದಮೇಲೆ ಅದು ಬೇರೆ ಇಟ್ಟಂತಲ್ಲ. ಕಮ್ಮಿ ಅಂದರೂ ಹತ್ತು ಮೀಟರ್ ದೂರ, ಬೇರೆ ಸೂರು ಬೇಕು. ಗಾಳಿ ಹೊಸ ಕೋಳಿ ಕಡೆಯಿಂದ ಹಳೆಯ ಗೂಡಿನ ಕಡೆ ಬೀಸದಂತಿದ್ದರೆ ಇನ್ನೂ ಒಳ್ಳೆಯದು. ದೂರ ಜಾಸ್ತಿ ಸಿಕ್ಕಷ್ಟೂ ಲಾಭ. ಮಳೆ ನೀರು ಅಲ್ಲಿಂದ ಹಳೆಯ ಗೂಡಿನತ್ತ ಹರಿಯಬಾರದು. ಇದನ್ನು ಬಹಳ ಜನ ಮರೆಯುತ್ತಾರೆ.

ದೂರ ಮಾಡಿದ್ದನ್ನು ಮತ್ತೆ ಹತ್ತಿರ ಮಾಡುವುದು ನಮ್ಮ ಕೈಕಾಲು. ನನ್ನದೇ ಒಂದು ಕಥೆ ಹೇಳುತ್ತೇನೆ, ನಗಬೇಡಿ. ಕೆಲಸಕ್ಕೆ ಸೇರಿದ ಹೊಸತು. ಓದಿದ್ದೆಲ್ಲ ತಲೆಯಲ್ಲಿತ್ತು. ಮನೆಗೆ ಮೂರು ಹೇಂಟೆ ತಂದೆ. ಹಿತ್ತಲಿನ ಆ ತುದಿಯ ಖಾಲಿ ಕೋಣೆಯಲ್ಲಿ ಇಟ್ಟೆ. ಪಾತ್ರೆ ಬೇರೆ, ಮೇವು ಬೇರೆ. ಎಲ್ಲ ಸರಿ. ಆದರೆ ಹೊಸವಲ್ಲವಾ, ಆಸೆ! ಬೆಳಗ್ಗೆ ಎದ್ದವನು ಮೊದಲು ಅವನ್ನೇ ನೋಡಲು ಹೋಗುತ್ತಿದ್ದೆ. ಆಮೇಲೆ ಅದೇ ಚಪ್ಪಲಿಯಲ್ಲಿ ಹಳೆಯ ಗೂಡಿಗೆ. ಹನ್ನೊಂದನೇ ದಿನ ಎರಡೂ ಕಡೆ ಒಟ್ಟಿಗೆ ರಕ್ತಭೇದಿ. ಹಿಕ್ಕೆಯನ್ನು ಈ ತುದಿಯಿಂದ ಆ ತುದಿಗೆ ಹೊತ್ತವನು ನಾನೇ, ಚಪ್ಪಲಿಯ ಗೀರುಗಳಲ್ಲಿ.

ಆದ್ದರಿಂದ ಕ್ರಮ ಹೀಗಿರಲಿ. ದಿನವೂ ಮೊದಲು ಹಳೆಯ ಕೋಳಿಗಳ ಕೆಲಸ ಮುಗಿಸಿ, ಕೊನೆಗೆ ಹೊಸವುಗಳ ಹತ್ತಿರ ಹೋಗಿ. ಅಲ್ಲಿಂದ ಮತ್ತೆ ಹಳೆಯ ಗೂಡಿಗೆ ಬರಬೇಡಿ. ಬರಲೇಬೇಕಾದರೆ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬನ್ನಿ. ಹೊಸ ಕೋಳಿಗಳ ಬಾಗಿಲಲ್ಲೇ ಒಂದು ಜೊತೆ ಚಪ್ಪಲಿಯೋ ಬೂಟೋ ಇಡಿ, ಅದು ಆ ಗೆರೆ ದಾಟಬಾರದು. ಬಕೆಟ್, ಮೊರ, ಪೊರಕೆ, ನೀರಿನ ಪಾತ್ರೆ ಎಲ್ಲ ಅಲ್ಲಿಗೇ ಬೇರೆ. ಗೊತ್ತಾಗಲಿ ಅಂತ ಕೆಂಪು ಬಣ್ಣ ಬಳಿದಿಟ್ಟವರನ್ನು ನೋಡಿದ್ದೇನೆ, ಒಳ್ಳೆಯ ಉಪಾಯ. ಕೈಯನ್ನು ಸೋಪು ಹಾಕಿ ತೊಳೆಯಿರಿ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಆರೋಗ್ಯವಾಗಿ ಕಾಣುವ ಕೋಳಿಯಿಂದಲೂ ನಮಗೆ ಬರುತ್ತದೆ, ಆದ್ದರಿಂದ ಇದು ನಿಮಗೂ ಒಳ್ಳೆಯದು. ಚಿಕ್ಕ ಮಕ್ಕಳು ಮರಿಗಳಿಗೆ ಮುತ್ತು ಕೊಡುವುದು ಬೇಡ. ಕಾಲು ಅದ್ದುವ ತೊಟ್ಟಿಯನ್ನು ಕೆಲವರು ಇಟ್ಟುಕೊಳ್ಳುತ್ತಾರೆ. ಹಿಕ್ಕೆ ಮೆತ್ತಿದ ಬೂಟನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿದರೆ ಏನೂ ಸಾಯುವುದಿಲ್ಲ. ಕೊಳಕು ಆ ಔಷಧಿಯ ಶಕ್ತಿಯನ್ನೇ ನುಂಗಿಬಿಡುತ್ತದೆ. ಮೊದಲು ಉಜ್ಜಿ ತೊಳೆಯಬೇಕು, ಆಮೇಲೆ ಔಷಧಿ. ಬೇರೆ ಬೂಟು ಇಟ್ಟುಕೊಳ್ಳುವುದು ತೊಟ್ಟಿಗಿಂತ ಸುಲಭ, ಭದ್ರ ಕೂಡ.

ಕೋಳಿ ಸಾಕುವ ಬೇರೆಯವರ ಮನೆಗೆ ಹೋಗಿ ಬಂದ ದಿನವೂ ಇದೇ ನಿಯಮ. ಮೈಕೋಪ್ಲಾಸ್ಮಾ ಮನುಷ್ಯರ ಕೂದಲಿನ ಮೇಲೂ ಒಂದೆರಡು ದಿನ ಬದುಕಿರಬಲ್ಲದು. ತಂದ ಬುಟ್ಟಿ, ಪಂಜರವನ್ನು ಗೂಡಿನ ಪಕ್ಕ ಇಡಬೇಡಿ. ಬುಟ್ಟಿ ಹಳೆಯದಾಗಿದ್ದರೆ ಸುಟ್ಟುಬಿಡಿ.

ಮೂವತ್ತು ದಿನವೇ ಯಾಕೆ ಅಂತ ಕೆಲವರು ಕೇಳುತ್ತಾರೆ, ಒಂದು ವಾರ ಸಾಲದಾ ಅಂತ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಒಂದೊಂದು ರೋಗಕ್ಕೆ ಒಂದೊಂದು ಅವಧಿ. ಕೊರೈಜಾಕ್ಕೆ ಒಂದರಿಂದ ಮೂರು ದಿನ. ರಾಣಿಖೇತ್ ಅಂತಲೂ ಕರೆಯುವ ಕೊಕ್ಕರೆ ರೋಗಕ್ಕೆ ಸಾಮಾನ್ಯವಾಗಿ ಐದಾರು ದಿನ, ಆದರೆ 2ರಿಂದ 15 ದಿನದವರೆಗೂ ಹೋಗಬಹುದು. ಗಂಟಲಿನಲ್ಲಿ ರಕ್ತ ಬರಿಸುವ ಐಎಲ್‌ಟಿ ಎಂಬ ರೋಗಕ್ಕೆ 6ರಿಂದ 12 ದಿನ. ಮೈಕೋಪ್ಲಾಸ್ಮಾಕ್ಕೆ 6ರಿಂದ 21 ದಿನ. ಒಂದು ಕೋಳಿಯಿಂದ ಇನ್ನೊಂದಕ್ಕೆ ಹಬ್ಬಿ ನಮ್ಮ ಕಣ್ಣಿಗೆ ಬೀಳಲು ಇನ್ನಷ್ಟು ದಿನ ಸೇರಿಸಿದರೆ ತಿಂಗಳಾಗುತ್ತದೆ. ನಡುವೆ ಇನ್ನೊಂದು ಕೋಳಿ ತಂದು ಅಲ್ಲಿಗೇ ಬಿಟ್ಟರೆ ಲೆಕ್ಕ ಮತ್ತೆ ಒಂದರಿಂದ ಶುರು. ಪ್ರದರ್ಶನಕ್ಕೆ ಹೋಗಿ ಬಂದ ನಿಮ್ಮದೇ ಹುಂಜವೂ ಹೊಸ ಕೋಳಿಯೇ.

ಆ ಮೂವತ್ತು ದಿನ ಸುಮ್ನೆ ಕೂಡಿಹಾಕುವುದಕ್ಕಲ್ಲ, ನೋಡುವುದಕ್ಕೆ. ಮೊದಲ ದಿನವೇ ಒಂದೊಂದನ್ನೂ ಕೈಗೆ ತೆಗೆದುಕೊಳ್ಳಿ. ಕಣ್ಣು ನೀರು ಸೋರದೆ ಹೊಳೆಯುತ್ತಿರಬೇಕು, ಮೂಲೆಯಲ್ಲಿ ನೊರೆ ಇರಬಾರದು. ಮೂಗಿನ ಎರಡೂ ತೂತು ಶುಭ್ರವಾಗಿರಬೇಕು. ರೆಕ್ಕೆಯ ಮೇಲೆ ಸಿಂಬಳ ಒರೆಸಿದ ಕಲೆ ಇದೆಯಾ ನೋಡಿ, ಮೂಗು ಸೋರುವ ಕೋಳಿ ಅಲ್ಲೇ ಒರೆಸಿಕೊಳ್ಳುತ್ತದೆ. ಮಾರುವವರು ಮೂಗು ಒರೆಸಿ ಕೊಟ್ಟಿರಬಹುದು, ರೆಕ್ಕೆ ಒರೆಸಿರುವುದಿಲ್ಲ. ಬಾಯಿ ತೆರೆದು ಒಳಗೆ ನೋಡಿ, ಹಳದಿ ಗಡ್ಡೆ ಇರಬಾರದು. ಎದೆ ಮೂಳೆಯನ್ನು ಸವರಿ ನೋಡಿ. ಚಾಕುವಿನ ಅಂಚಿನಂತೆ ಕೈಗೆ ಹತ್ತಿದರೆ ಬಹಳ ದಿನದಿಂದ ಸೊರಗಿದೆ ಅಂತ ಅರ್ಥ. ಗರಿ ದಟ್ಟವಾಗಿರುವ ಕೋಳಿಯ ಸೊರಗು ಕಣ್ಣಿಗೆ ಕಾಣುವುದಿಲ್ಲ, ಕೈಗೇ ಗೊತ್ತಾಗಬೇಕು. ಒಂದು ತಕ್ಕಡಿ ಇದ್ದರೆ ವಾರಕ್ಕೊಮ್ಮೆ ತೂಗಿ ಬರೆದಿಡಿ.

ಹಿಕ್ಕೆ ಹಾಕುವ ಜಾಗದ ಸುತ್ತಲ ಗರಿಯನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಹೇನುಗಳು ಹೊಟ್ಟಿನ ಬಣ್ಣದ ಪುಟ್ಟ ಹುಳುಗಳಂತೆ ಸರಸರ ಓಡುತ್ತವೆ. ಗರಿಯ ಬುಡದಲ್ಲಿ ಸುಣ್ಣ ಮೆತ್ತಿದಂತೆ ಅವುಗಳ ಮೊಟ್ಟೆ. ಔಷಧಿ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಅಲ್ಲ. ಅದಕ್ಕೇ ಏಳರಿಂದ ಹತ್ತು ದಿನಕ್ಕೆ ಇನ್ನೊಮ್ಮೆ ಹಾಕಬೇಕು. ಒಂದೇ ಸಲ ಹಾಕಿ "ಔಷಧಿ ಸರಿ ಇಲ್ಲ" ಅನ್ನುವವರೇ ಜಾಸ್ತಿ. ಕೆಂಪು ನುಸಿಯ ಚಾಳಿಯೇ ಬೇರೆ. ಅದು ಹಗಲು ಕೋಳಿಯ ಮೈ ಮೇಲೆ ಇರುವುದಿಲ್ಲ. ಕೋಲು, ಹಲಗೆಯ ಸಂದಿಯಲ್ಲಿ ಅಡಗಿ ರಾತ್ರಿ ಬಂದು ರಕ್ತ ಹೀರುತ್ತದೆ. ಕತ್ತಲಾದ ಮೇಲೆ ಬಿಳಿ ಕಾಗದವನ್ನು ಕೋಳಿ ಕೂರುವ ಕೋಲಿನ ಅಡಿಗೆ ಒತ್ತಿ ಎಳೆಯಿರಿ. ಕೆಂಪು ಗೀರು ಮೂಡಿದರೆ ನುಸಿ ಇದೆ. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಕಾಯುವ ಪ್ರಾಣಿ ಅದು, ಗೂಡಿಗೆ ಒಮ್ಮೆ ಹೊಕ್ಕರೆ ಓಡಿಸುವುದು ಸಾಹಸ. ಕಾಲಿನ ಪೊರೆಗಳು ಎದ್ದು ಒರಟಾಗಿದ್ದರೆ ಕಾಲಿನ ನುಸಿ. ಬೆಚ್ಚಗಿನ ನೀರಲ್ಲಿ ತೊಳೆದು ವ್ಯಾಸಲೀನ್ ದಪ್ಪಗೆ ಹಚ್ಚಿ, ಕೆಲವು ವಾರ ಬಿಡದೆ ಮಾಡಿ, ಅದರ ಉಸಿರು ಕಟ್ಟುತ್ತದೆ.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ರಾತ್ರಿ ಎಲ್ಲ ಮಲಗಿದ ಮೇಲೆ ದೀಪ ಹಾಕದೆ ಹೋಗಿ ಐದು ನಿಮಿಷ ನಿಂತು ಕಿವಿಗೊಡಿ. ಹಗಲಿನ ಗದ್ದಲದಲ್ಲಿ ಕೇಳದ ಗೊರಗೊರ, ಸಣ್ಣ ಕೆಮ್ಮು, ಸೀನು ಆಗ ಕೇಳಿಸುತ್ತದೆ. ನಾನು ಕಣ್ಣಿಗಿಂತ ಈ ಕಿವಿಯನ್ನೇ ಹೆಚ್ಚು ನಂಬುತ್ತೇನೆ.

ಹಿಕ್ಕೆ ನೋಡುವುದು ಅಭ್ಯಾಸದ ಮೇಲೆ ಬರುತ್ತದೆ. ಗಟ್ಟಿ ಕಂದು ಉಂಡೆ, ಮೇಲೆ ಬಿಳಿ ಟೋಪಿ, ಇದು ಸರಿಯಾದದ್ದು. ಎಂಟು ಹತ್ತು ಸಲಕ್ಕೊಮ್ಮೆ ಚಾಕೊಲೇಟ್ ಬಣ್ಣದ ಅಂಟಂಟು, ವಾಸನೆಯ ಹಿಕ್ಕೆ ಬರುತ್ತದೆ. ಅದೂ ಸಹಜ, ಗಾಬರಿ ಬೇಡ. ರಕ್ತ ಕಂಡರೆ ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ ಇರಬಹುದು. ಹಸಿರು ನೀರು ಹಿಕ್ಕೆ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಳ್ಳುವುದು ಇದ್ದರೆ ಕೊಕ್ಕರೆ ರೋಗದ ಅನುಮಾನ. ರಕ್ತಭೇದಿಯ ತತ್ತಿಗಳು ನೆಲಕ್ಕೆ ಹಾಸಿದ ಒದ್ದೆ ಹೊಟ್ಟಿನಲ್ಲಿ ಒಂದೆರಡು ದಿನದಲ್ಲೇ ಸೋಂಕು ತಗುಲಿಸಲು ತಯಾರಾಗುತ್ತವೆ. ಸಾಮಾನ್ಯ ಫಿನೈಲು, ಬ್ಲೀಚಿಂಗ್‌ಗೆ ಅವು ಬಗ್ಗುವುದೂ ಇಲ್ಲ. ನೆಲ ಒಣಗಿರುವಂತೆ ನೋಡಿಕೊಳ್ಳುವುದೇ ಅದಕ್ಕೆ ಮದ್ದು. ನೀರಿನ ಪಾತ್ರೆಯ ಸುತ್ತ ಒದ್ದೆಯಾದ ಹೊಟ್ಟನ್ನು ದಿನವೂ ತೆಗೆದು ಹಾಕಿ. ಮೂರನೇ ವಾರದ ಹೊತ್ತಿಗೆ ಹಿಕ್ಕೆಯ ಮಾದರಿಯನ್ನು ಪಶುವೈದ್ಯರಿಗೆ ಕೊಟ್ಟು ಜಂತಿನ ಮೊಟ್ಟೆ ಇದೆಯಾ ನೋಡಿಸಿ. ಕೋಳಿ ಎಳೆಯದಾಗಿದ್ದರೆ ಒಮ್ಮೆ ಏನೂ ಸಿಗಲಿಲ್ಲ ಅಂತ ಸುಮ್ಮನಾಗಬೇಡಿ. ದುಂಡು ಜಂತು ಹೊಟ್ಟೆ ಸೇರಿದ ಮೇಲೆ ಬೆಳೆದು ಮೊಟ್ಟೆ ಇಡಲು ಐದರಿಂದ ಎಂಟು ವಾರ ಬೇಕು.

ಆ್ಯಂಟಿಬಯೋಟಿಕ್ ವಿಷಯಕ್ಕೆ ಬರುತ್ತೇನೆ. ಮೊದಲೇ ಕೊಟ್ಟರೆ ಏನಾಗುತ್ತದೆ? ಸೀನಬೇಕಾದ ಕೋಳಿ ಸೀನುವುದಿಲ್ಲ. ನೀವು ಮೂವತ್ತು ದಿನ ಕಾಯುತ್ತಿರುವುದೇ ಆ ಸೀನಿಗಾಗಿ! ಔಷಧಿ ಅದನ್ನು ಅದುಮಿಡುತ್ತದೆ, ರೋಗಾಣು ಒಳಗೆ ಉಳಿಯುತ್ತದೆ, ಸೇರಿಸಿದ ವಾರಕ್ಕೆ ಎದ್ದು ಬರುತ್ತದೆ. ವೈರಸ್ ರೋಗಗಳಿಗೆ ಅದು ತಾಗುವುದೂ ಇಲ್ಲ. ಮೊಟ್ಟೆಯಲ್ಲಿ ಔಷಧಿಯ ಅಂಶ ಉಳಿಯುತ್ತದೆ. ಸುಮ್ನೆ ಸುಮ್ನೆ ಕೊಟ್ಟರೆ ಮುಂದೆ ನಿಜವಾಗಿ ಬೇಕಾದಾಗ ಕೆಲಸ ಮಾಡುವುದಿಲ್ಲ. ಮೊದಲ ನಾಲ್ಕೈದು ದಿನ ನೀರಿನಲ್ಲಿ ವಿಟಮಿನ್ ಹಾಕುತ್ತೀರಾ, ಹಾಕಿ. ಅದರ ಜೊತೆಗೆ ಅವು ತಿಂದು ಬಂದ ಮೇವನ್ನೇ ಸ್ವಲ್ಪ ತಂದು, ನಿಮ್ಮ ಮೇವನ್ನು ನಿಧಾನವಾಗಿ ಬೆರೆಸುತ್ತಾ ಹೋದರೆ ಇನ್ನೂ ಚೆನ್ನ. ಗಾಬರಿ ಕಮ್ಮಿಯಾದಷ್ಟೂ ಕೋಳಿ ತಾನೇ ತನ್ನನ್ನು ಕಾಯ್ದುಕೊಳ್ಳುತ್ತದೆ.

ಲಸಿಕೆಯ ಬಗ್ಗೆ ನಿಮ್ಮ ಪಶುವೈದ್ಯರ ಮಾತು ಕೇಳಿ, ಯಾವ ರೋಗ ಎಲ್ಲಿ ಓಡಾಡುತ್ತಿದೆ ಅಂತ ಅವರಿಗೆ ಗೊತ್ತಿರುತ್ತದೆ. ಎರಡೇ ಮಾತು ಸೇರಿಸುತ್ತೇನೆ. ಹಳೆಯವಕ್ಕೂ ಹೊಸವಕ್ಕೂ ಒಂದೇ ಲಸಿಕೆ ಆಗಿರಬೇಕು, ಸೇರಿಸುವುದಕ್ಕೆ ಎರಡು ಮೂರು ವಾರ ಮೊದಲೇ ಆಗಿರಬೇಕು. ಲಸಿಕೆ ಹಾಕಿದ ಮರುದಿನವೇ ರಕ್ಷಣೆ ಬರುವುದಿಲ್ಲ. ಇನ್ನೊಂದು, ಲಸಿಕೆ ಹಾಕಿದ ಕೋಳಿ ರೋಗ ಹರಡುವುದಿಲ್ಲ ಅಂತ ತಿಳಿಯಬೇಡಿ. ಮರೆಕ್ಸ್ ಲಸಿಕೆ ಕೋಳಿಯನ್ನು ಕಾಯಿಲೆಯಿಂದ ಕಾಯುತ್ತದೆ, ಆದರೆ ಆ ಕೋಳಿ ವೈರಸ್ಸನ್ನು ಹೊತ್ತು ಧೂಳಿನಲ್ಲಿ ಉದುರಿಸುತ್ತಲೇ ಇರಬಹುದು. ಐಎಲ್‌ಟಿಯ ಕೆಲವು ಜೀವಂತ ಲಸಿಕೆಗಳ ವೈರಸ್ಸೇ ಲಸಿಕೆ ಇಲ್ಲದ ಕೋಳಿಗೆ ಹರಡಿ ಕಾಯಿಲೆ ತರುವುದುಂಟು. ಅದಕ್ಕೇ "ಯಾವ ಲಸಿಕೆ" ಅಂತ ಕೇಳಿ ಅಂದದ್ದು.

ಮೂವತ್ತು ದಿನ ಸುಗಮವಾಗಿ ಕಳೆಯಿತು. ಈಗ ಹೆಚ್ಚಿನವರು ಬಿಟ್ಟುಬಿಡುವ ಒಂದು ಹೆಜ್ಜೆ. ರೋಗ ಹೊತ್ತು ತಿರುಗುವ ಕೋಳಿ ಮೂವತ್ತಲ್ಲ, ಮುನ್ನೂರು ದಿನ ಬೇರೆ ಇಟ್ಟರೂ ಚೆನ್ನಾಗಿಯೇ ಕಾಣುತ್ತದೆ. ಅದನ್ನು ಹಿಡಿಯಲು ಒಂದು ಹಳೆಯ ಕೋಳಿಯನ್ನು ಹೊಸವುಗಳ ಜಾಗಕ್ಕೆ ಕಳಿಸಬೇಕು. ಎಲ್ಲರಿಗೂ ಅಚ್ಚುಮೆಚ್ಚಿನ ಕೋಳಿಯನ್ನು ಕಳಿಸಬೇಡಿ, ಅದು ಪರೀಕ್ಷೆಗೆ ಹೋಗುತ್ತಿದೆ. ಎರಡು ಮೂರು ವಾರ ಒಟ್ಟಿಗೆ ಇರಲಿ, ಒಂದೇ ಪಾತ್ರೆಯಲ್ಲಿ ನೀರು ಕುಡಿಯಲಿ. ಹಳೆಯದಕ್ಕೆ ಕಾಯಿಲೆ ಬಂದರೆ ರೋಗ ಹೊಸವುಗಳಲ್ಲಿ ಇದೆ. ಹೊಸವಕ್ಕೆ ಬಂದರೆ ನಿಮ್ಮ ಗೂಡಿನಲ್ಲಿದೆ. ಎರಡೂ ದಿಕ್ಕಿನ ಉತ್ತರ ಒಂದೇ ಕೋಳಿಯಿಂದ ಸಿಗುತ್ತದೆ. ನಷ್ಟವಾದರೂ ಐದು ಕೋಳಿಯ ಮಟ್ಟಿಗೆ, ಹದಿಮೂರರದ್ದಲ್ಲ. ನಿಮ್ಮಂಥ ಅನುಮಾನದ ಗೂಡಿಗೆ ಈ ಹೆಜ್ಜೆಯನ್ನು ಬಿಡಲೇಬೇಡಿ.

ನಡುವೆ ಯಾವುದಾದರೂ ಸತ್ತರೆ ಹೂತು ಕೈ ತೊಳೆದುಕೊಳ್ಳಬೇಡಿ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಐಸ್ ಹಾಕಿದ ಡಬ್ಬಿಯಲ್ಲಿ ತಣ್ಣಗಿಟ್ಟು, ಅದೇ ದಿನ ಅಥವಾ ಮರುದಿನ ಪಶುರೋಗ ಪ್ರಯೋಗಾಲಯಕ್ಕೆ ಮುಟ್ಟಿಸಿ. ಹೆಪ್ಪುಗಟ್ಟುವಂತೆ ಫ್ರೀಜರ್‌ನಲ್ಲಿ ಇಡಬೇಡಿ, ಒಳಗಿನ ಅಂಗಗಳು ಕೆಟ್ಟು ಪರೀಕ್ಷೆಗೆ ಬಾರದು. ನೀವೇ ಕೊಯ್ದು ನೋಡುವ ಕುತೂಹಲ ಬೇಡ. ಒಂದೆರಡು ದಿನದಲ್ಲಿ ಹಲವು ಕೋಳಿ ಧಿಡೀರನೆ ಸತ್ತರೆ, ಜುಟ್ಟು ನೀಲಿಗಟ್ಟಿದ್ದರೆ, ಮುಟ್ಟದೆ ಪಶುವೈದ್ಯ ಇಲಾಖೆಗೆ ತಿಳಿಸಿ. ಹಕ್ಕಿ ಜ್ವರವೂ, ಕೊಕ್ಕರೆ ರೋಗವೂ ಹಾಗೆಯೇ ಬರುತ್ತವೆ. ಹಕ್ಕಿ ಜ್ವರ ಮನುಷ್ಯರಿಗೂ ತಗುಲಬಹುದು. ಸುತ್ತಮುತ್ತ ಅದರ ಸುದ್ದಿ ಇರುವಾಗ ಹೊಸ ಕೋಳಿ ತರುವ ಯೋಚನೆಯನ್ನೇ ಮುಂದೂಡಿ.

ಇಷ್ಟೆಲ್ಲ ದಾಟಿದ ಮೇಲೆ ನಿಮ್ಮ ಜಾಲರಿಗೆ ಕೆಲಸ ಬರುತ್ತದೆ. ಈಗ ಅದೇ ಗೂಡಿನಲ್ಲಿ ಅಡ್ಡ ಕಟ್ಟಿ, ಒಂದು ವಾರ ಒಂದನ್ನೊಂದು ನೋಡಲಿ, ಮುಟ್ಟಲು ಆಗದಿರಲಿ. ಆಮೇಲೆ ರಾತ್ರಿ ಕೋಲಿನ ಮೇಲೆ ಹಳೆಯವುಗಳ ಪಕ್ಕ ಮೆಲ್ಲಗೆ ಕೂರಿಸಿ. ಮೇವಿನ, ನೀರಿನ ಪಾತ್ರೆಗಳನ್ನು ಒಂದೆರಡು ಹೆಚ್ಚಿಗೆ, ದೂರ ದೂರ ಇಡಿ. ಎಳೆಯವು ಗಾತ್ರದಲ್ಲಿ ಹಳೆಯವಕ್ಕೆ ಹತ್ತಿರ ಬರುವ ತನಕ ಸೇರಿಸಬೇಡಿ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದಂಶ ಜಾಸ್ತಿ, ಇನ್ನೂ ಮೊಟ್ಟೆ ಇಡದವುಗಳ ಮೂತ್ರಪಿಂಡಕ್ಕೆ ಅದು ಒಳ್ಳೆಯದಲ್ಲ. ಎಲ್ಲಕ್ಕೂ ಬೆಳೆಯುವ ಕೋಳಿಯ ಮೇವು ಹಾಕಿ, ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಟ್ಟರೆ ಬೇಕಾದವು ತಿನ್ನುತ್ತವೆ. ಮೊದಲ ಕೆಲವು ದಿನ ಕುಕ್ಕಾಟ, ಅಟ್ಟಾಟ ಇದ್ದದ್ದೇ. ರಕ್ತ ಬಂದರೆ ಮಾತ್ರ ಬಿಡಿಸಿ, ಗಾಯ ವಾಸಿಯಾಗುವ ತನಕ ಅದನ್ನು ಬೇರೆ ಇಡಿ. ಹಳೆಯವು ಒಂದೆರಡು ವಾರ ಮೊಟ್ಟೆ ಕಮ್ಮಿ ಇಟ್ಟರೆ ಅದು ಜಗಳದ ಫಲ, ತಾನಾಗಿ ಸರಿಹೋಗುತ್ತದೆ. ಆದರೆ ಆ ವಾರಗಳಲ್ಲೂ ರಾತ್ರಿ ಕತ್ತಲಲ್ಲಿ ನಿಂತು ಕೇಳುವುದನ್ನು ಬಿಡಬೇಡಿ. ಜಗಳಕ್ಕೆ ಕೋಳಿ ಸೀನುವುದಿಲ್ಲ.